ಅನ್ನನಾಳದಲ್ಲಿ ಕರಿಯ ಗಂತಿ: ರೋಗನಿರ್ಣಯದ ಒಂದು ಪಾಠ

ಬಾಯಿಗಿಟ್ಟ ತುತ್ತು ಗಂಟಲನ್ನು ದಾಟಿದ ಮೇಲೆ ಅದರ ಗೊಡವೆಯನ್ನು ನಾವು ಮರೆತುಬಿಡುತ್ತೇವೆ. ಅಲ್ಲಿಂದ ಜಠರದವರೆಗಿನ ಪಯಣವನ್ನು ನೋಡಿಕೊಳ್ಳುವುದು ಅನ್ನನಾಳದ ಕೆಲಸ. ಬೆಳೆದವರಲ್ಲಿ ಸುಮಾರು ೨೫ ಸೆಂಟಿಮೀಟರ್ ಉದ್ದವಿರುವ ಈ ಮಾಂಸದ ಕೊಳವೆಯು ಶ್ವಾಸನಾಳದ ಹಿಂದೆ, ಬೆನ್ನೆಲುಬಿನ ಮುಂದೆ ಇಳಿದು, ವಪೆಯನ್ನು ತೂರಿಕೊಂಡು ಜಠರವನ್ನು ಸೇರುತ್ತದೆ. ಮುದ್ದೆಯನ್ನು ಅಗಿಯದೆ ನುಂಗುವವರಿಗೂ ಇಂತಹ ಕೊಳವೆಯೊಂದು ಎದೆಯೊಳಗಿದೆ ಎಂಬ ಅರಿವು ಬರುವುದಿಲ್ಲ. ತುತ್ತು ನಡುವೆ ತಡೆದು ನಿಂತು ಆ ಅರಿವು ಬಂದ ದಿನ ನಾವು ಎಚ್ಚೆತ್ತುಕೊಳ್ಳಬೇಕು.

ಅನ್ನನಾಳದಲ್ಲಿ ಹುಟ್ಟುವ ಕ್ಯಾನ್ಸರ್ ಗಂತಿಗಳಲ್ಲಿ ಬಹುಪಾಲು ಎರಡು ಬಗೆಯವು. ಕೊಳವೆಯ ಒಳಗೋಡೆಯನ್ನು ಹೊದಿಸಿರುವ ಚಪ್ಪಟೆ ಜೀವಕೋಶಗಳಲ್ಲಿ ಹುಟ್ಟುವುದು ಒಂದು. ಗ್ರಂಥಿಗಳ ಸ್ವಭಾವದ ಕೋಶಗಳಲ್ಲಿ ಹುಟ್ಟುವುದು ಇನ್ನೊಂದು. ನಮ್ಮ ದೇಶದಲ್ಲಿ ಮೊದಲನೆಯದೇ ಹೆಚ್ಚು. ಹೊಗೆಸೊಪ್ಪು, ಅಡಿಕೆ, ಮದ್ಯ ಇವು ಅದಕ್ಕೆ ದಾರಿ ಮಾಡಿಕೊಡುತ್ತವೆಂಬುದು ಸಿದ್ಧವಾಗಿರುವ ಸಂಗತಿ. ಈ ಎರಡಕ್ಕೂ ಸೇರದ ಮೂರನೆಯ ಬಗೆಯೊಂದುಂಟು. ಅದೇ ಮೆಲನೋಮ. ಅನ್ನನಾಳದ ಕೇಡಿನ ಗಂತಿಗಳು ಸಾವಿರವಿದ್ದರೆ ಅವುಗಳಲ್ಲಿ ಒಂದೋ ಎರಡೋ ಮಾತ್ರ ಈ ಬಗೆಯವು.

ಇಷ್ಟು ಅಪರೂಪದ ರೋಗದ ವಿಚಾರ ಸಾಮಾನ್ಯ ವಾಚಕರಿಗೇಕೆ ಎಂದು ಯಾರಾದರೂ ಕೇಳಬಹುದು. ಉತ್ತರ ಹೀಗಿದೆ: ಸಾಮಾನ್ಯ ರೋಗಗಳ ನಡುವೆ ಅಡಗಿ ಕುಳಿತಿರುವ ಅಪರೂಪದ ರೋಗವನ್ನು ಗುರುತಿಸುವಾಗಲೇ ವೈದ್ಯಶಾಸ್ತ್ರದ ವಿಚಾರಸರಣಿ ನಮಗೆ ಸ್ಪಷ್ಟವಾಗಿ ಕಾಣುತ್ತದೆ. ಹೆಸರು ತಪ್ಪಿದರೆ ಚಿಕಿತ್ಸೆಯೂ ತಪ್ಪುತ್ತದೆ. ಆ ತಪ್ಪಿನ ಬೆಲೆಯನ್ನು ರೋಗಿಯೇ ತೆರಬೇಕಾಗುತ್ತದೆ.

ಬಣ್ಣದ ಕೋಶಗಳು

ನಮ್ಮ ಚರ್ಮಕ್ಕೂ ಕೂದಲಿಗೂ ಬಣ್ಣವನ್ನು ಕೊಡುವ ವಸ್ತು ಮೆಲನಿನ್ ಎಂಬುದು. ಗ್ರೀಕ್ ಭಾಷೆಯಲ್ಲಿ ಕಪ್ಪು ಎಂಬ ಅರ್ಥದ ಪದದಿಂದ ಈ ಹೆಸರು ಬಂದಿದೆ. ಇದನ್ನು ತಯಾರಿಸುವ ಕೋಶಗಳೇ ಮೆಲನೋಸೈಟುಗಳು. ಇವನ್ನು ಬಣ್ಣದ ಕೋಶಗಳೆಂದು ಕರೆಯೋಣ. ಇವು ಚರ್ಮದಲ್ಲಿ ಮೇಲ್ಪದರದ ತಳಭಾಗದಲ್ಲಿ ಅಲ್ಲಲ್ಲಿ ಕುಳಿತು, ತಾವು ಮಾಡಿದ ಬಣ್ಣದ ಕಣಗಳನ್ನು ಸುತ್ತಲಿನ ಕೋಶಗಳಿಗೆ ಹಂಚುತ್ತವೆ. ಬಿಸಿಲಿನ ಅತಿನೇರಿಳೆ ಕಿರಣಗಳ ಹಾವಳಿಯನ್ನು ಆ ಕಣಗಳು ತಡೆಯುತ್ತವೆ.

ಇವುಗಳ ಹುಟ್ಟೂರು ಚರ್ಮವಲ್ಲ. ಭ್ರೂಣವು ರೂಪುಗೊಳ್ಳುವ ಮೊದಮೊದಲಿನ ವಾರಗಳಲ್ಲಿ ಬೆನ್ನಿನ ಕಡೆ ನರಮಂಡಲದ ಕೊಳವೆಯೊಂದು ಏರ್ಪಡುತ್ತದೆ. ಅದರ ಅಂಚಿನ ಕೋಶಗಳು ಅಲ್ಲಿಂದ ಹೊರಟು ದೇಹದ ನಾನಾ ಕಡೆಗೆ ವಲಸೆ ಹೋಗುತ್ತವೆ. ಕೆಲವು ನರಗಳ ಹೊದಿಕೆಯಾಗುತ್ತವೆ. ಕೆಲವು ಬಣ್ಣದ ಕೋಶಗಳಾಗಿ ಚರ್ಮವನ್ನು ಸೇರುತ್ತವೆ. ಇನ್ನು ಕೆಲವು ಕಣ್ಣಿನ ಒಳಪದರ, ಮೂಗಿನ ಹೊಳ್ಳೆ, ಬಾಯಿ, ಗುದದ್ವಾರ ಮೊದಲಾದ ಕಡೆಗಳಲ್ಲಿ ನೆಲಸುತ್ತವೆ. ಬಣ್ಣದ ಕೋಶಗಳು ನರಕೋಶಗಳ ದಾಯಾದಿಗಳೆಂಬ ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರಿಂದ ಪ್ರಯೋಜನವಿದೆ.

ಬಣ್ಣದ ಕೋಶಗಳು ಅಂಕೆ ತಪ್ಪಿ ಬೆಳೆದಾಗ ಹುಟ್ಟುವ ಗಂತಿಯೇ ಮೆಲನೋಮ. ಮುಂದೆ ಸ್ಟೆತೊಸ್ಕೋಪನ್ನು ನಿರ್ಮಿಸಿದ ಫ್ರಾನ್ಸಿನ ಲೆನೆಕ್ ಎಂಬ ವೈದ್ಯರು ೧೯ನೆಯ ಶತಮಾನದ ಮೊದಲ ದಶಕದಲ್ಲಿಯೇ ಇದನ್ನು ಪ್ರತ್ಯೇಕ ರೋಗವೆಂದು ವರ್ಣಿಸಿದರು. ಮೆಲನೋಮವು ಚರ್ಮದಲ್ಲಿ ಹುಟ್ಟುವುದೇನೋ ಸಹಜ. ಆದರೆ ಬಿಸಿಲೇ ಕಾಣದ ಅನ್ನನಾಳದಲ್ಲಿ ಅದು ಹುಟ್ಟುವುದೆಂತು? ೧೯೦೬ರಲ್ಲಿ ಬಾವರ್ ಎಂಬುವರು ಜರ್ಮನ್ ಭಾಷೆಯಲ್ಲಿ ಇಂತಹ ರೋಗಿಯೊಬ್ಬನ ವರದಿಯನ್ನು ಪ್ರಕಟಿಸಿದರು. ಅನ್ನನಾಳದಲ್ಲಿ ಬಣ್ಣದ ಕೋಶಗಳೇ ಇಲ್ಲವೆಂದ ಮೇಲೆ ಈ ಗಂತಿ ಬೇರೆಲ್ಲಿಂದಲೋ ಹರಡಿ ಬಂದದ್ದಿರಬೇಕೆಂಬ ಸಂದೇಹ ಬಹುಕಾಲ ಉಳಿದಿತ್ತು. ೧೯೫೨ರಲ್ಲಿ ಗಾರ್ಫಿಂಕಲ್ ಮತ್ತು ಕಾಹಾನ್ ಎಂಬುವರು ಗಂತಿ ಅನ್ನನಾಳದಲ್ಲಿಯೇ ಹುಟ್ಟಿತೆಂಬುದಕ್ಕೆ ಸೂಕ್ಷ್ಮದರ್ಶಕದ ಆಧಾರವನ್ನು ಮುಂದಿಟ್ಟರು. ೧೯೬೩ರಲ್ಲಿ ಡೆ ಲಾ ಪಾವಾ ಮತ್ತು ಅವರ ಸಂಗಡಿಗರು ಶವಪರೀಕ್ಷೆಯಲ್ಲಿ ದೊರೆತ ನೂರು ಅನ್ನನಾಳಗಳನ್ನು ಶೋಧಿಸಿ, ಅವುಗಳಲ್ಲಿ ನಾಲ್ಕರಲ್ಲಿ ಬಣ್ಣದ ಕೋಶಗಳನ್ನು ಕಂಡರು. ಭ್ರೂಣದ ಕಾಲದ ವಲಸೆಯಲ್ಲಿ ಕೆಲವು ಕೋಶಗಳು ಅನ್ನನಾಳದ ಗೋಡೆಯಲ್ಲಿಯೂ ತಂಗುವುದುಂಟೆಂದು ಇದರಿಂದ ಸ್ಪಷ್ಟವಾಯಿತು. ಬೀಜವೇ ಇಲ್ಲದೆ ಗಿಡ ಹೇಗೆ ಹುಟ್ಟೀತೆಂಬ ಆಕ್ಷೇಪಕ್ಕೆ ಹೀಗೆ ಸಮಾಧಾನ ದೊರೆಯಿತು.

ಮೊದಲ ಸುಳಿವುಗಳು

ಈ ರೋಗ ಬಹುಮಟ್ಟಿಗೆ ಅರವತ್ತು ಎಪ್ಪತ್ತರ ಆಸುಪಾಸಿನವರಲ್ಲಿ ಕಾಣಿಸಿಕೊಳ್ಳುತ್ತದೆ. ಹೆಂಗಸರಿಗಿಂತ ಗಂಡಸರಲ್ಲಿ ಹೆಚ್ಚು. ರೋಗಿಯು ಹೇಳಿಕೊಳ್ಳುವ ತೊಂದರೆಗಳಲ್ಲಿ ಹೊಸದೇನೂ ಇಲ್ಲ. ಗಟ್ಟಿ ಆಹಾರ ಇಳಿಯುವುದಿಲ್ಲ, ಎದೆಯ ನಡುವೆ ಏನೋ ಸಿಕ್ಕಿಕೊಂಡಂತೆ ಭಾಸವಾಗುತ್ತದೆ, ನೋವಿರುತ್ತದೆ, ಮೈ ಇಳಿಯುತ್ತದೆ. ಅನ್ನನಾಳದ ಯಾವ ಕ್ಯಾನ್ಸರಿನಲ್ಲಿಯೂ ರೋಗಿಯು ಇದನ್ನೇ ಹೇಳುತ್ತಾನೆ. ಆದುದರಿಂದ ರೋಗಿಯ ಮಾತನ್ನು ಕೇಳಿ ಅನ್ನನಾಳದಲ್ಲಿ ಕೇಡುಂಟೆಂದು ಶಂಕಿಸಬಹುದೇ ಹೊರತು ಅದು ಯಾವ ಕೇಡೆಂದು ಹೇಳುವಂತಿಲ್ಲ.

ಬೇರಿಯಂ ಲವಣದ ಬಿಳಿಯ ದ್ರವವನ್ನು ಕುಡಿಸಿ ಕ್ಷ-ಕಿರಣದ ಚಿತ್ರ ತೆಗೆಯುವುದು ಹಳೆಯ ವಿಧಾನ. ಚಪ್ಪಟೆ ಕೋಶಗಳ ಕ್ಯಾನ್ಸರು ಸಾಮಾನ್ಯವಾಗಿ ಗೋಡೆಯನ್ನು ಸುತ್ತುವರಿದು ದಾರಿಯನ್ನು ಕಿರಿದುಗೊಳಿಸುತ್ತದೆ. ಮೆಲನೋಮವಾದರೋ ಹಲವು ವೇಳೆ ಕೊಳವೆಯ ಒಳಗಡೆಗೆ ದ್ರಾಕ್ಷಿಯ ಗೊಂಚಲಿನಂತೆ ಜೋತುಬಿದ್ದು ಬೆಳೆಯುತ್ತದೆ. ಚಿತ್ರದಲ್ಲಿ ಗಂತಿ ದೊಡ್ಡದಾಗಿ ಕಾಣುತ್ತದೆ; ಅನ್ನನಾಳ ಆ ಎಡೆಯಲ್ಲಿ ಉಬ್ಬಿರುತ್ತದೆ; ಆದರೂ ಬೇರಿಯಂ ದ್ರವ ಅದರ ಪಕ್ಕದಲ್ಲಿ ಹಾದು ಕೆಳಗಿಳಿಯುತ್ತದೆ. ಗಂತಿಯ ಗಾತ್ರಕ್ಕೂ ತಡೆಯ ಪ್ರಮಾಣಕ್ಕೂ ಇರುವ ಈ ಹೊಂದಾಣಿಕೆಯಿಲ್ಲದ ಸ್ಥಿತಿ ಒಂದು ಸುಳಿವು. ಆದರೆ ಅದು ಸುಳಿವು ಮಾತ್ರ, ನಿರ್ಣಯವಲ್ಲ. ರೋಗಿಯ ದೃಷ್ಟಿಯಿಂದ ಇದು ದುರ್ದೈವವೇ ಸರಿ. ತಡೆ ನಿಧಾನವಾಗಿ ತೋರುವುದರಿಂದ ವೈದ್ಯರ ಬಳಿಗೆ ಹೋಗುವುದೂ ತಡವಾಗುತ್ತದೆ.

ಕಣ್ಣಿಗೆ ಕಂಡದ್ದು

ಅನ್ನನಾಳದ ಒಳಗನ್ನು ನೇರವಾಗಿ ನೋಡುವ ಸಾಹಸವನ್ನು ೧೮೬೮ರಲ್ಲಿ ಜರ್ಮನಿಯ ಕುಸ್ಮಾಲ್ ಎಂಬ ವೈದ್ಯರು ಕೈಗೊಂಡರು. ನೇರವಾದ ಲೋಹದ ಕೊಳವೆಯನ್ನು ನುಂಗಬಲ್ಲವರು ಯಾರು? ಅವರು ಕತ್ತಿ ನುಂಗುವ ವಿದ್ಯೆ ಬಲ್ಲವನೊಬ್ಬನನ್ನು ಕರೆಸಿದರು! ಬಾಗುವ ಗಾಜಿನ ಎಳೆಗಳ ಕಟ್ಟಿನ ಮೂಲಕ ಬೆಳಕನ್ನೂ ನೋಟವನ್ನೂ ಹಾಯಿಸುವ ಎಂಡೋಸ್ಕೋಪನ್ನು ೧೯೫೭ರಲ್ಲಿ ಅಮೆರಿಕದ ಹಿರ್ಷೋವಿಟ್ಸ್ ಸಿದ್ಧಪಡಿಸಿ, ಮೊದಲು ತಾವೇ ನುಂಗಿ ಪರೀಕ್ಷಿಸಿದರು. ಈಗಿನ ಉಪಕರಣದ ತುದಿಯಲ್ಲಿ ಕಿರಿಯ ಕ್ಯಾಮೆರಾ ಇರುತ್ತದೆ. ವೈದ್ಯರು ತೆರೆಯ ಮೇಲೆ ಅನ್ನನಾಳದ ಒಳಗೋಡೆಯನ್ನು ಸಾವಧಾನವಾಗಿ ನೋಡಬಹುದು.

ಮೆಲನೋಮವು ಹತ್ತಕ್ಕೆ ಒಂಬತ್ತು ಪಾಲು ಅನ್ನನಾಳದ ನಡುಭಾಗದಲ್ಲೋ ಕೆಳಭಾಗದಲ್ಲೋ ಇರುತ್ತದೆ. ನಸುಗೆಂಪು ಗೋಡೆಯ ಮೇಲೆ ಕಪ್ಪು, ಕಂದು ಇಲ್ಲವೆ ನೇರಿಳೆ ಬಣ್ಣದ ಮೃದುವಾದ ಗಂತಿ. ಕೆಲವು ಸಲ ಅದರ ಸುತ್ತ ಮರಿಗಳಂತೆ ಸಣ್ಣ ಸಣ್ಣ ಕರಿಯ ಚುಕ್ಕೆಗಳು. ಇಂತಹ ನೋಟ ಕಂಡಾಗ ಅನುಭವಿಗಳಾದ ವೈದ್ಯರು ತಟ್ಟನೆ ಎಚ್ಚರಗೊಳ್ಳುತ್ತಾರೆ.

ಆದರೆ ಬಣ್ಣವು ನಂಬಿಕೆಗೆ ಅರ್ಹವಾದ ಸಾಕ್ಷಿಯಲ್ಲ; ಅದು ಎರಡು ಬಗೆಯಲ್ಲಿ ನಮ್ಮನ್ನು ದಾರಿತಪ್ಪಿಸುತ್ತದೆ.

ಮೊದಲನೆಯದಾಗಿ, ಕಪ್ಪಾಗಿರುವುದೆಲ್ಲವೂ ಮೆಲನೋಮವಲ್ಲ. ಹಳೆಯ ರಕ್ತಸ್ರಾವದ ಕಲೆ ಕಪ್ಪಾಗಿರಬಹುದು. ಕಬ್ಬಿಣದ ಮಾತ್ರೆ ಗಂಟಲಿನಿಂದ ಸರಿಯಾಗಿ ಇಳಿಯದೆ ಅನ್ನನಾಳದ ಗೋಡೆಗೆ ಅಂಟಿಕೊಂಡರೂ ಕಂದು ಕಲೆಯಾಗುತ್ತದೆ. ರಕ್ತದ ಪೂರೈಕೆ ಕುಂದಿ ಒಳಪದರ ಸತ್ತಾಗ ಅನ್ನನಾಳ ಉದ್ದಕ್ಕೂ ಕಪ್ಪಾಗುವುದುಂಟು. ಬಣ್ಣದ ಕೋಶಗಳು ಯಾವ ಕೇಡೂ ಇಲ್ಲದೆ ಗುಂಪುಗೂಡಿ ಕರಿಯ ಮಚ್ಚೆಯಂತೆ ತೋರುವ ಸ್ಥಿತಿಯೂ ಒಂದಿದೆ.

ಎರಡನೆಯದಾಗಿ, ಮೆಲನೋಮವೆಲ್ಲವೂ ಕಪ್ಪಲ್ಲ. ವರದಿಯಾಗಿರುವ ರೋಗಿಗಳಲ್ಲಿ ನೂರಕ್ಕೆ ೧೦ರಿಂದ ೨೫ ಮಂದಿಯಲ್ಲಿ ಗಂತಿಗೆ ಬಣ್ಣವೇ ಇರುವುದಿಲ್ಲ. ಕೇಡಿಗೆ ತಿರುಗಿದ ಕೋಶವು ತನ್ನ ಕುಲಕಸುಬನ್ನೇ ಬಿಟ್ಟು ಮೆಲನಿನ್ ತಯಾರಿಸುವುದನ್ನು ನಿಲ್ಲಿಸಿದರೆ ಹೀಗಾಗುತ್ತದೆ. ಆಗ ಗಂತಿ ಬೆಳ್ಳಗೋ ನಸುಗೆಂಪಾಗಿಯೋ ಇದ್ದು, ಸಾಮಾನ್ಯ ಕ್ಯಾನ್ಸರಿನ ಹಾಗೆಯೇ ಕಾಣುತ್ತದೆ.

ತುಣುಕಿನ ಸಾಕ್ಷ್ಯ

ಆದುದರಿಂದ ಎಂಡೋಸ್ಕೋಪಿನ ಮೂಲಕವೇ ಸಣ್ಣ ಚಿಮಟವನ್ನು ಇಳಿಸಿ ಗಂತಿಯ ಕೆಲವು ತುಣುಕುಗಳನ್ನು ತೆಗೆಯಬೇಕು. ಇದೇ ಬಯಾಪ್ಸಿ. ಗಂತಿಗೆ ಕತ್ತರಿ ತಗುಲಿದರೆ ರೋಗ ಕೆರಳಿ ಹರಡುತ್ತದೆಂಬ ಭಯ ನಮ್ಮ ಜನರಲ್ಲಿ ಬಲವಾಗಿದೆ. ಈ ಭಯದಿಂದ ಪರೀಕ್ಷೆಯನ್ನು ನಿರಾಕರಿಸುವುದು ತಪ್ಪು. ತುಣುಕಿಲ್ಲದೆ ಹೆಸರಿಲ್ಲ, ಹೆಸರಿಲ್ಲದೆ ಚಿಕಿತ್ಸೆಯಿಲ್ಲ.

ತುಣುಕನ್ನು ಮೇಣದಲ್ಲಿ ಹುದುಗಿಸಿ, ಕೂದಲೆಳೆಗಿಂತ ಎಷ್ಟೋ ತೆಳ್ಳನೆಯ ಹೋಳುಗಳಾಗಿ ಕತ್ತರಿಸಿ, ಬಣ್ಣ ಹಾಕಿ, ರೋಗಶಾಸ್ತ್ರಜ್ಞರು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಕೋಶಗಳೊಳಗೆ ಕಂದು ಕಣಗಳು ತುಂಬಿದ್ದರೆ ಸಂದೇಹಕ್ಕೆ ಆಧಾರ ದೊರೆಯಿತು. ಆ ಕಂದು ಮೆಲನಿನ್ನಿನದೋ, ಹಳೆಯ ರಕ್ತದ ಕಬ್ಬಿಣದ್ದೋ? ಇದನ್ನು ತಿಳಿಯಲು ಸುಲಭವಾದ ರಾಸಾಯನಿಕ ಪರೀಕ್ಷೆಗಳಿವೆ. ಬೆಳ್ಳಿಯ ಲವಣವನ್ನು ಹಾಕಿದಾಗ ಮೆಲನಿನ್ ಅದನ್ನು ಅಪಕರ್ಷಿಸಿ ಕಪ್ಪು ಬೆಳ್ಳಿಯನ್ನಾಗಿ ಮಾಡುತ್ತದೆ. ಕಬ್ಬಿಣವಾದರೆ ಬೇರೊಂದು ದ್ರಾವಣದಲ್ಲಿ ಅಚ್ಚ ನೀಲಿಯಾಗುತ್ತದೆ. ಪೊಟಾಸಿಯಂ ಪರ್ಮಾಂಗನೇಟಿನಂತಹ ವಸ್ತುವಿನಿಂದ ಚಲುವೆ ಮಾಡಿದರೆ ಮೆಲನಿನ್ ಬಿಳಿಚಿಕೊಳ್ಳುತ್ತದೆ.

ಬಣ್ಣವಿಲ್ಲದ ಮೆಲನೋಮದ ಕೋಶಗಳೇ ನಿಜವಾದ ಕಷ್ಟ. ಅವು ಒಮ್ಮೆ ದುಂಡಗೆ, ಒಮ್ಮೆ ಕದಿರಿನಂತೆ ಉದ್ದಕ್ಕೆ, ಒಮ್ಮೆ ವಿಕಾರವಾಗಿ ದೊಡ್ಡದಾಗಿ ಕಾಣಿಸುತ್ತವೆ. ಬಹುರೂಪಿಯ ವೇಷಗಳಿಗೆ ಲೆಕ್ಕವಿಲ್ಲವಷ್ಟೆ! ಸಣ್ಣ ತುಣುಕಿನಲ್ಲಿ ಅವನ್ನು ಕಂಡ ಪರೀಕ್ಷಕರು, ಸ್ವರೂಪ ಕೆಟ್ಟುಹೋದ ಚಪ್ಪಟೆ ಕೋಶಗಳ ಕ್ಯಾನ್ಸರೆಂದು ಬರೆಯುವುದು ಅನೇಕ ಸಲ ನಡೆದಿದೆ. ಸಾವಿರಕ್ಕೆ ಒಂದೆರಡು ಸಲ ಬರುವ ರೋಗವನ್ನು ನಿರೀಕ್ಷಿಸದಿರುವುದು ಮನುಷ್ಯ ಸಹಜ. ಆದರೆ ಮನಸ್ಸಿಗೇ ಬಾರದ ರೋಗವನ್ನು ಯಾವ ಸೂಕ್ಷ್ಮದರ್ಶಕವೂ ತೋರಿಸಲಾರದು.

ಪ್ರತಿಕಾಯಗಳೆಂಬ ಬೇಹುಗಾರರು

ಇಲ್ಲಿ ನೆರವಿಗೆ ಬಂದದ್ದು ಪ್ರತಿಕಾಯಗಳ ವಿದ್ಯೆ. ನಮ್ಮ ರಕ್ತದಲ್ಲಿ ಉತ್ಪನ್ನವಾಗುವ ಪ್ರತಿಕಾಯವು ಬೀಗಕ್ಕೆ ಬೀಗದ ಕೈ ಒಪ್ಪುವಂತೆ ಒಂದು ನಿರ್ದಿಷ್ಟ ವಸ್ತುವಿಗೆ ಮಾತ್ರ ಅಂಟಿಕೊಳ್ಳುತ್ತದೆ. ೧೯೪೧ರಲ್ಲಿ ಅಮೆರಿಕದ ಆಲ್ಬರ್ಟ್ ಕೂನ್ಸ್ ಎಂಬುವರು ಪ್ರತಿಕಾಯಕ್ಕೆ ಹೊಳೆಯುವ ಬಣ್ಣವನ್ನು ಕಟ್ಟಿ, ಅದು ಎಲ್ಲಿ ಅಂಟಿತೆಂಬುದನ್ನು ಕಣ್ಣಾರೆ ಕಾಣುವ ಉಪಾಯವನ್ನು ತೋರಿಸಿದರು. ೧೯೭೫ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ವಿಧಾನವನ್ನು ಕಂಡುಹಿಡಿದರು. ಇದಕ್ಕಾಗಿ ಅವರಿಗೆ ೧೯೮೪ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಈಗ ತುಣುಕಿನ ಹೋಳುಗಳ ಮೇಲೆ ಒಂದೊಂದು ಪ್ರತಿಕಾಯವನ್ನು ಹಾಕಿ, ಕೋಶವು ಯಾವ ಕುಲದ್ದೆಂದು ವಿಚಾರಿಸಬಹುದು. ಇಂತಹ ವಿಚಾರಣೆಯಲ್ಲಿ ಮೊದಲು ನೆನಪಾಗುವುದು ಎಸ್-೧೦೦ ಎಂಬ ಪ್ರೋಟೀನು. ಇದನ್ನು ೧೯೬೫ರಲ್ಲಿ ಬ್ಲೇಕ್ ಮೂರ್ ಎಂಬುವರು ದನದ ಮಿದುಳಿನಿಂದ ಬೇರ್ಪಡಿಸಿದರು. ಅಮೋನಿಯಂ ಸಲ್ಫೇಟಿನ ಶೇಕಡ ೧೦೦ರ ಪರ್ಯಾಪ್ತ ದ್ರಾವಣದಲ್ಲಿಯೂ ಕರಗುವುದರಿಂದ ಇದಕ್ಕೆ ಆ ಹೆಸರು. ಮಿದುಳಿನ ಪ್ರೋಟೀನು ಅನ್ನನಾಳದ ಗಂತಿಯಲ್ಲೇಕೆ? ಬಣ್ಣದ ಕೋಶಗಳು ನರಕೋಶಗಳ ದಾಯಾದಿಗಳೆಂದು ಹಿಂದೆ ಹೇಳಿದೆವಷ್ಟೆ. ಆ ನಂಟೇ ಇಲ್ಲಿ ಬಯಲಾಗುತ್ತದೆ. ಬಣ್ಣವನ್ನು ಕಳೆದುಕೊಂಡ ಕೋಶವೂ ಹುಟ್ಟಿನ ಈ ಗುರುತನ್ನು ಸಾಮಾನ್ಯವಾಗಿ ಉಳಿಸಿಕೊಂಡಿರುತ್ತದೆ.

ಎಸ್-೧೦೦ ನರಗಳ ಹೊದಿಕೆಯ ಕೋಶಗಳಲ್ಲಿಯೂ ಇರುವುದರಿಂದ ಅದೊಂದರ ಸಾಕ್ಷ್ಯ ಸಾಲದು. ಬಣ್ಣದ ಕಣಗಳಿಗೆ ಸಂಬಂಧಿಸಿದ ಪ್ರೋಟೀನನ್ನು ಹುಡುಕುವ ಎಚ್‌ಎಂಬಿ-೪೫, ಬಣ್ಣದ ಕೋಶಗಳಿಗೇ ವಿಶಿಷ್ಟವಾದ ಮೆಲನ್-ಎ, ಕೋಶಕೇಂದ್ರದಲ್ಲಿ ತೋರುವ ಸಾಕ್ಸ್-೧೦ ಇವುಗಳನ್ನೂ ಪರೀಕ್ಷಿಸುತ್ತಾರೆ. ಚಪ್ಪಟೆ ಕೋಶಗಳ ಮತ್ತು ಗ್ರಂಥಿಕೋಶಗಳ ಕ್ಯಾನ್ಸರಿನಲ್ಲಿ ಕಾಣುವ ಕೆರಟಿನ್ ಮೆಲನೋಮದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಹೀಗೆ ಇರಬೇಕಾದ್ದು ಇದೆ, ಇರಬಾರದ್ದು ಇಲ್ಲ ಎಂದು ಎರಡೂ ಕಡೆಯಿಂದ ದೃಢಪಟ್ಟಾಗಲೇ ನಿರ್ಣಯ. ಒಂದೇ ಗುರುತನ್ನು ನೆಚ್ಚಿದರೆ ಮೋಸ ಹೋಗುವುದಕ್ಕೆ ಒಂದು ಉದಾಹರಣೆಯನ್ನು ಕೊಡಬಹುದು. ಜೀರ್ಣಾಂಗಗಳ ಗೋಡೆಯ ಸ್ನಾಯುಪದರದಲ್ಲಿ ಹುಟ್ಟುವ ಬೇರೊಂದು ಗಂತಿಯನ್ನು ಕಿಟ್ ಎಂಬ ಪ್ರೋಟೀನಿನಿಂದ ಗುರುತಿಸುತ್ತಾರೆ. ಆದರೆ ಕಿಟ್ ಮೆಲನೋಮದಲ್ಲಿಯೂ ಇರುವುದುಂಟು!

ಹುಟ್ಟಿದ್ದೋ, ಬಂದದ್ದೋ?

ಗಂತಿ ಮೆಲನೋಮವೆಂದು ಸಿದ್ಧವಾಯಿತು. ಕೆಲಸ ಮುಗಿಯಿತೇ? ಇಲ್ಲ, ಅರ್ಧ ಮಾತ್ರ ಮುಗಿದಿದೆ. ಅದು ಅನ್ನನಾಳದಲ್ಲಿಯೇ ಹುಟ್ಟಿತೋ, ಬೇರೆಲ್ಲಿಯೋ ಹುಟ್ಟಿ ರಕ್ತದ ಹಾದಿಯಲ್ಲಿ ಇಲ್ಲಿಗೆ ಬಂದಿತೋ ಎಂಬುದು ಎರಡನೆಯ ಪ್ರಶ್ನೆ. ಬಂದದ್ದಾದರೆ ರೋಗ ಆಗಲೇ ಮೈಯಲ್ಲಿ ಹರಡಿದೆಯೆಂದು ಅರ್ಥ. ಆಗ ಅನ್ನನಾಳವನ್ನು ಕತ್ತರಿಸಿ ತೆಗೆಯುವ ದೊಡ್ಡ ಶಸ್ತ್ರಕ್ರಿಯೆಯಿಂದ ರೋಗಿಗೆ ಸಾಮಾನ್ಯವಾಗಿ ಲಾಭಕ್ಕಿಂತ ಕಷ್ಟವೇ ಹೆಚ್ಚು.

ಈ ಪ್ರಶ್ನೆಗೆ ೧೯೫೩ರಲ್ಲಿ ಅಲೆನ್ ಮತ್ತು ಸ್ಪಿಟ್ಸ್ ಎಂಬ ರೋಗಶಾಸ್ತ್ರಜ್ಞರ ಬರಹವೊಂದು ದಾರಿ ತೋರಿತು. ಗಂತಿಯು ಮೆಲನೋಮದ ರಚನೆಯನ್ನೂ ಮೆಲನಿನ್ ಕಣಗಳನ್ನೂ ಹೊಂದಿರಬೇಕು. ಅದರ ಪಕ್ಕದ ಒಳಪದರದಲ್ಲಿ, ಮೇಲ್ಪದರವು ಕೆಳಗಿನ ಭಾಗವನ್ನು ಕೂಡುವ ಗಡಿಯ ಉದ್ದಕ್ಕೂ, ಕೆಟ್ಟ ಬಣ್ಣದ ಕೋಶಗಳು ಸಾಲುಗಟ್ಟಿರುವುದು ಕಾಣಬೇಕು. ಆ ಸಾಲು ಅಲ್ಲಿಯೇ ಹುಟ್ಟಿದ್ದಕ್ಕೆ ಗುರುತು. ಬೇರೂರಿದ ಗಿಡದ ಸುತ್ತ ಬೇರು ಕಾಣುವಂತೆ. ಆದರೆ ಗಂತಿ ದೊಡ್ಡದಾಗಿ ಬೆಳೆದು ಹುಣ್ಣಾದಾಗ ಆ ಸಾಲು ನಾಶವಾಗಿರಬಹುದು. ಚಿಮಟಕ್ಕೆ ಸಿಕ್ಕ ತುಣುಕಿನಲ್ಲಿ ಗಂತಿಯ ಅಂಚೇ ಇಲ್ಲದಿರಬಹುದು. ಆದುದರಿಂದ ಅದು ಕಂಡರೆ ಬಲವಾದ ಸಾಕ್ಷ್ಯ. ಕಾಣದಿದ್ದರೆ ಅಲ್ಲಿ ಹುಟ್ಟಲಿಲ್ಲವೆಂದು ತೀರ್ಮಾನಿಸುವಂತಿಲ್ಲ.

ಇನ್ನೊಂದು ಸಾಕ್ಷ್ಯವನ್ನು ರೋಗಿಯ ಮೈಮೇಲೆಯೇ ಹುಡುಕಬೇಕು. ಅಡಿಯಿಂದ ಮುಡಿಯವರೆಗೆ ಚರ್ಮವನ್ನು ಪರೀಕ್ಷಿಸಬೇಕು. ನಮ್ಮ ದೇಶದವರಲ್ಲಿ ಚರ್ಮದ ಮೆಲನೋಮ ಅಂಗಾಲಿನಲ್ಲಿ ಕಾಣಿಸಿಕೊಳ್ಳುವುದು ಹೆಚ್ಚಾದ್ದರಿಂದ ಅಂಗಾಲು, ಅಂಗೈ, ಉಗುರಿನ ಅಡಿ ಇವುಗಳನ್ನು ಮರೆಯಬಾರದು. ನೆತ್ತಿಯ ಕೂದಲನ್ನು ಸರಿಸಿ ನೋಡಬೇಕು. ಕಣ್ಣಿನ ಒಳಭಾಗ, ಮೂಗು, ಬಾಯಿ, ಗುದದ್ವಾರ, ಹೆಂಗಸರಲ್ಲಿ ಜನನಾಂಗ, ಇವೆಲ್ಲವನ್ನೂ ಶೋಧಿಸಬೇಕು. ಸಿ.ಟಿ. ಮತ್ತು ಪೆಟ್ ಸ್ಕ್ಯಾನುಗಳು ಒಳಗಿನ ಅಂಗಾಂಗಗಳ ಸ್ಥಿತಿಯನ್ನು ತಿಳಿಸುತ್ತವೆ. ಇಷ್ಟೆಲ್ಲ ಯಂತ್ರಗಳಿದ್ದರೂ ಅತಿ ಮುಖ್ಯವಾದ ಉತ್ತರ ಕೆಲವು ಸಲ ಒಂದು ಸರಳ ಪ್ರಶ್ನೆಯಿಂದ ದೊರೆಯುತ್ತದೆ: ‘ಹಿಂದೆ ಎಂದಾದರೂ ಮೈಮೇಲಿನ ಮಚ್ಚೆಯನ್ನೋ ಗಂಟನ್ನೋ ತೆಗೆಸಿದ್ದಿರಾ?’ ಎಷ್ಟೋ ವರ್ಷಗಳ ಹಿಂದೆ ತೆಗೆಸಿ ಮರೆತ ಮಚ್ಚೆಯೊಂದು ಇಂದಿನ ಗಂತಿಯ ತೌರಾಗಿರಬಹುದು.

ಹೆಸರಿನಿಂದಾಗುವ ಫಲ

ನಿರ್ಣಯದಲ್ಲಿ ಇಷ್ಟು ಹಠವೇಕೆ? ಚಪ್ಪಟೆ ಕೋಶಗಳ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆಯೂ ಅದರ ಜೊತೆಯ ಔಷಧಿಗಳೂ ಬಹಳ ಪ್ರಯೋಜನಕಾರಿ. ಮೆಲನೋಮವು ಅವುಗಳಿಗೆ ಸುಲಭವಾಗಿ ಬಗ್ಗುವುದಿಲ್ಲ. ಹರಡದಿರುವ ಗಂತಿಯನ್ನು ಅನ್ನನಾಳದ ಭಾಗದೊಡನೆ ಶಸ್ತ್ರಕ್ರಿಯೆಯಿಂದ ತೆಗೆಯುವುದೇ ಮುಖ್ಯ ಚಿಕಿತ್ಸೆ. ತಪ್ಪು ಹೆಸರಿನಲ್ಲಿ ಕಳೆದ ತಿಂಗಳುಗಳು ಮರಳಿ ಬಾರವು. ಅನ್ನನಾಳದ ಗೋಡೆಯಲ್ಲಿ ದುಗ್ಧನಾಳಗಳ ಬಲೆ ದಟ್ಟವಾಗಿರುವುದರಿಂದ ಈ ರೋಗ ಬೇಗನೆ ಹರಡುತ್ತದೆ.

ಹರಡಿದ ಮೆಲನೋಮಕ್ಕೂ ಈಗ ಹೊಸ ಬಗೆಯ ಔಷಧಿಗಳು ಬಂದಿವೆ. ದೇಹದ ರಕ್ಷಕ ಕೋಶಗಳಿಗೆ ಹಾಕಿರುವ ಕಡಿವಾಣವನ್ನು ಸಡಿಲಿಸಿ, ಅವು ಗಂತಿಯ ಮೇಲೆ ಎರಗುವಂತೆ ಮಾಡುವ ಮದ್ದುಗಳಿವು. ಇವುಗಳಲ್ಲಿ ಇಪಿಲಿಮುಮಾಬ್ ಎಂಬುದಕ್ಕೆ ೨೦೧೧ರಲ್ಲಿಯೂ, ಪೆಂಬ್ರೊಲಿಜುಮಾಬ್ ಮತ್ತು ನಿವೊಲುಮಾಬ್ ಎಂಬುವಕ್ಕೆ ೨೦೧೪ರಲ್ಲಿಯೂ ಅಮೆರಿಕದಲ್ಲಿ ಮೆಲನೋಮದ ಚಿಕಿತ್ಸೆಗಾಗಿ ಅನುಮತಿ ದೊರೆಯಿತು. ಇವಕ್ಕೆ ಮೂಲವಾದ ಸಂಶೋಧನೆಗಾಗಿ ಜೇಮ್ಸ್ ಆಲಿಸನ್ ಮತ್ತು ತಾಸುಕು ಹೊಂಜೊ ಅವರಿಗೆ ೨೦೧೮ರ ನೊಬೆಲ್ ಪಾರಿತೋಷಕ ಸಂದಿತು. ಲೋಳೆಪೊರೆಯ ಮೆಲನೋಮದಲ್ಲಿ ಇವುಗಳ ಫಲ ಚರ್ಮದ ಮೆಲನೋಮದಲ್ಲಿದ್ದಷ್ಟಿಲ್ಲ. ಆದರೂ ಕೆಲವರಿಗೆ ಬಾಳು ಮುಂದುವರಿದಿದೆ. ಗಂತಿಯ ಕೋಶಗಳಲ್ಲಿ ಕಿಟ್ ಮೊದಲಾದ ಜೀನುಗಳು ಮಾರ್ಪಟ್ಟಿವೆಯೇ ಎಂದು ಪರೀಕ್ಷಿಸಿ, ಅದಕ್ಕೆ ತಕ್ಕ ಮದ್ದನ್ನು ಆರಿಸುವುದೂ ಉಂಟು. ಒಟ್ಟಿನಲ್ಲಿ ಇದು ಇಂದಿಗೂ ಕಠಿಣವಾದ ರೋಗವೇ. ಗುಣ ಹೊಂದುವವರು ಕಡಮೆ. ಆದರೆ ಈ ಯಾವ ಬಾಗಿಲೂ ಸರಿಯಾದ ಹೆಸರಿಲ್ಲದೆ ತೆರೆಯುವುದಿಲ್ಲ.

ಇಲ್ಲಿಂದ ಸಾಮಾನ್ಯರಾದ ನಾವು ಕಲಿಯಬೇಕಾದ್ದು ಎರಡು. ನುಂಗುವಾಗ ತುತ್ತು ತಡೆದು ನಿಲ್ಲುವುದು ಎರಡು ಮೂರು ವಾರ ಉಳಿದರೆ, ಗಟ್ಟಿ ಊಟವನ್ನು ಬಿಟ್ಟು ಗಂಜಿ, ಮಜ್ಜಿಗೆಗಳಿಗೆ ಇಳಿದು ಕಾಲ ತಳ್ಳಬಾರದು, ವೈದ್ಯರಿಗೆ ತೋರಿಸಬೇಕು. ಹೆಚ್ಚಿನ ವೇಳೆ ಕಾರಣ ಈ ಅಪರೂಪದ ರೋಗವಾಗಿರುವುದಿಲ್ಲ. ಹಾಗಿದ್ದರೂ ಪರೀಕ್ಷೆ ವ್ಯರ್ಥವಲ್ಲ. ಎರಡನೆಯದಾಗಿ, ಹಿಂದೆ ತೆಗೆಸಿದ ಮಚ್ಚೆ ಗಂಟುಗಳ ಪರೀಕ್ಷೆಯ ವರದಿಗಳನ್ನು ಜೋಪಾನವಾಗಿಟ್ಟುಕೊಂಡು, ವೈದ್ಯರು ಕೇಳದಿದ್ದರೂ ತಿಳಿಸಬೇಕು. ಹಳೆಯ ಹಾಳೆಯೊಂದರಲ್ಲಿನ ಒಂದು ಸಾಲು, ಸೂಕ್ಷ್ಮದರ್ಶಕವು ಒಂಟಿಯಾಗಿ ಬಿಡಿಸಲಾರದ ಒಗಟನ್ನು ಬಿಡಿಸಿಕೊಟ್ಟೀತು.